ಬೆಂಕಿಯುಂಡೆ ಕಂಡ ರಾತ್ರಿ ಕೇಳಬೇಕಾದದ್ದು: ಎಷ್ಟು ಸೆಕೆಂಡು, ಎಲ್ಲಿಂದ ಎಲ್ಲಿಗೆ?

ಕಲಬುರಗಿಯ ಆಕಾಶದಲ್ಲಿ ರಾತ್ರಿ ಹೊತ್ತು ಒಂದು ಬೆಂಕಿಯುಂಡೆ ಹಾದುಹೋದರೆ ಮುಂದಿನ ಅರ್ಧ ಗಂಟೆಯಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ಕಣ್ಣು ಮುಚ್ಚಿ ಹೇಳಬಹುದು. ಯಾರದೋ ಮಾಳಿಗೆಯಿಂದ ತೆಗೆದ ನಡುಗುವ ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತದೆ. ಬೆನ್ನಿಗೇ ಧ್ವನಿ ಸಂದೇಶ: ಸೇಡಂ ಕಡೆ ಏನೋ ಬಿದ್ದಿದೆಯಂತೆ. ಸ್ವಲ್ಪ ಹೊತ್ತಿಗೆ ಆ ‘ಏನೋ’ ವಿಮಾನವಾಗುತ್ತದೆ, ಇನ್ನೂ ಸ್ವಲ್ಪ ಹೊತ್ತಿಗೆ ಕ್ಷಿಪಣಿಯಾಗುತ್ತದೆ. ದೊಡ್ಡವರು ಯಾರೋ ಹೋದರು ಎಂದು ಹಿರಿಯರು ನಿಟ್ಟುಸಿರು ಬಿಡುತ್ತಾರೆ. ಚಿಂಚೋಳಿ ಸೀಮೆಯವರು ಮಕ್ಕಳನ್ನು ಎಬ್ಬಿಸಿಕೊಂಡು ಅಂಗಳಕ್ಕೆ ಬರುತ್ತಾರೆ. ಅವರ ಭಯಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ. ಮರುದಿನ ಪತ್ರಿಕೆಯ ಒಳಪುಟದಲ್ಲಿ ‘ಆಗಸದಲ್ಲಿ ಅಚ್ಚರಿ’ ಎಂಬ ನಾಲ್ಕು ಸಾಲು. ಅಲ್ಲಿಗೆ ಕಥೆ ಮುಗಿಯಿತು.

ಸಾವಿರಾರು ಜನ ಕಣ್ಣಾರೆ ಕಂಡ ಘಟನೆಯೊಂದು ಹೀಗೆ ಏನನ್ನೂ ತಿಳಿಸದೆ ಮುಗಿದುಹೋಗುವುದು ನನಗೆ ಆ ಬೆಂಕಿಯುಂಡೆಗಿಂತ ದೊಡ್ಡ ಅಚ್ಚರಿ. ‘ಅದು ಏನು?’ ಎಂದು ಎಲ್ಲರೂ ಕೇಳುತ್ತಾರೆ. ಎಷ್ಟು ಸೆಕೆಂಡು ಕಂಡಿತು, ಎಲ್ಲಿ ಹತ್ತಿಕೊಂಡು ಎಲ್ಲಿ ಆರಿತು, ಸದ್ದು ಬಂದಿದ್ದರೆ ಎಷ್ಟು ಹೊತ್ತಿನ ಮೇಲೆ ಬಂತು ಎಂದು ಯಾರೂ ಕೇಳುವುದಿಲ್ಲ. ಮೊದಲ ಪ್ರಶ್ನೆಗೆ ಉತ್ತರ ಇರುವುದೇ ಈ ಮೂರರಲ್ಲಿ.

ಶುಕ್ರಗ್ರಹಕ್ಕಿಂತ ಹೆಚ್ಚು ಪ್ರಕಾಶದಿಂದ ಉರಿಯುವ ಉಲ್ಕೆಯನ್ನು ಖಗೋಳ ವಿಜ್ಞಾನಿಗಳು ಬೆಂಕಿಯುಂಡೆ ಎಂದು ಬೇರೆ ಮಾಡಿ ಎಣಿಸುತ್ತಾರೆ. ಸೆಕೆಂಡಿಗೆ 11ರಿಂದ 72 ಕಿ.ಮೀ. ವೇಗದಲ್ಲಿ ನುಗ್ಗಿ ಬರುವ ಕಲ್ಲು ತನ್ನ ಮುಂದಿರುವ ಗಾಳಿಯನ್ನು ಹಿಂಡಿ ಕಾಯಿಸುತ್ತದೆ. ಆ ಕಾವಿಗೆ ಕಲ್ಲಿನ ಮೈ ಕರಗಿ ಆವಿಯಾಗುತ್ತದೆ. ಆ ಆವಿಯೂ ಗಾಳಿಯೂ ಬೆಳಗುತ್ತವೆ. ನೆಲದಿಂದ ಸುಮಾರು 100 ಕಿ.ಮೀ. ಎತ್ತರದಲ್ಲಿ ಬೆಳಕು ಶುರುವಾಗುತ್ತದೆ. ಕಲ್ಲಿನಲ್ಲಿ ಸೋಡಿಯಂ ಇದ್ದರೆ ಹಳದಿ, ಮೆಗ್ನೀಸಿಯಂ ಇದ್ದರೆ ನೀಲಿ ಬೆರೆತ ಹಸಿರು. ‘ಹಸಿರು ಬಣ್ಣವಿತ್ತು, ಹಾಗಾಗಿ ಅದು ಮನುಷ್ಯರು ಮಾಡಿದ ವಸ್ತುವೇ’ ಎನ್ನುವ ವಾದ ನಿಲ್ಲುವುದಿಲ್ಲ. ಇಷ್ಟೆಲ್ಲ ಬೆಳಕು ಚೆಲ್ಲಿದ ಕಲ್ಲು ಮುಷ್ಟಿಯಲ್ಲಿ ಹಿಡಿಸುವಷ್ಟೇ ಇದ್ದಿರಬಹುದು. ಭೂಮಿಯ ಮೇಲೆಲ್ಲ ಲೆಕ್ಕ ಹಾಕಿದರೆ ದಿನಕ್ಕೆ ಇಂಥವು ಸಾವಿರಾರು ಸುಳಿಯುತ್ತವೆ. ಬಹುಪಾಲು ಸಮುದ್ರದ ಮೇಲೆ, ಇಲ್ಲವೇ ಹಗಲಿನಲ್ಲಿ, ಇಲ್ಲವೇ ಊರೆಲ್ಲ ಮಲಗಿರುವಾಗ. ಅಪರೂಪವಾದದ್ದು ಬೆಂಕಿಯುಂಡೆಯಲ್ಲ, ಅದು ಬರುವ ಹೊತ್ತಿಗೆ ತಲೆಯೆತ್ತಿ ನಿಂತಿರುವ ಮನುಷ್ಯ. ನಮ್ಮ ಭಾಗದಲ್ಲಿ ಅಂಥವರ ಸಂಖ್ಯೆ ಕಡಿಮೆಯೇನಲ್ಲ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹಾಸಿಗೆ ಹಾಕುವವರು, ರಾತ್ರಿ ಪಾಳಿಯ ಮೂರು ಫೇಸ್ ಕರೆಂಟಿಗಾಗಿ ಹೊಲದಲ್ಲಿ ಕಾಯುವವರು, ತೊಗರಿ ರಾಶಿಗೆ ಕಾವಲು ಮಲಗುವವರು ಎಲ್ಲರೂ ಆಕಾಶಕ್ಕೆ ಮುಖ ಮಾಡಿಯೇ ಇರುತ್ತಾರೆ.

ಮೊದಲು ಸೆಕೆಂಡುಗಳ ಮಾತು. ಉಲ್ಕೆಯ ಬೆಳಕು ಒಂದರಿಂದ ಐದು ಸೆಕೆಂಡು ಇರುತ್ತದೆ, ತೀರಾ ಅಪರೂಪಕ್ಕೆ ಹತ್ತು. ಇದು ಸುಮ್ಮನೆ ರೂಢಿಯಿಂದ ಬಂದ ಅಂಕಿಯಲ್ಲ. ಸೆಕೆಂಡಿಗೆ 20 ಕಿ.ಮೀ. ಓಡುವ ಕಲ್ಲು 60 ಕಿ.ಮೀ. ಬೆಳಗುವ ದಾರಿಯನ್ನು ಮೂರು ಸೆಕೆಂಡಿಗೆ ಮುಗಿಸಲೇಬೇಕು. ಕಕ್ಷೆಯಿಂದ ಜಾರಿದ ರಾಕೆಟ್ ಚೂರಿನ ಲೆಕ್ಕ ಬೇರೆ. ಅದರ ವೇಗ ಸೆಕೆಂಡಿಗೆ ಏಳೂವರೆ ಕಿ.ಮೀ. ಆಸುಪಾಸು. ಅದು ನೆಲಕ್ಕೆ ಹೆಚ್ಚು ಕಡಿಮೆ ಸಮಾನಾಂತರವಾಗಿ, ನೂರಾರು ಕಿ.ಮೀ. ಉದ್ದಕ್ಕೂ ಉರಿಯುತ್ತ ಸಾಗುತ್ತದೆ. ಒಂದು ಚೂರು ಹತ್ತಾಗಿ, ಹತ್ತೂ ಒಂದೇ ಸಾಲಿನಲ್ಲಿ ಬಾಲ ಬಿಟ್ಟುಕೊಂಡು ಹೋಗುತ್ತವೆ. ಅರ್ಧ ನಿಮಿಷದಿಂದ ಒಂದು ನಿಮಿಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಣುತ್ತದೆ. ‘ಮೊಬೈಲ್ ಜೇಬಿನಿಂದ ತೆಗೆದು, ಕ್ಯಾಮೆರಾ ಆನ್ ಮಾಡಿ, ಪಕ್ಕದ ಮನೆಯವರನ್ನೂ ಕರೆದು ತೋರಿಸಿದೆ’ ಎನ್ನುವವರು ನೋಡಿದ್ದು ಉಲ್ಕೆಯಲ್ಲ ಎಂದು ಆ ಒಂದು ಮಾತಿನಿಂದಲೇ ಬಹುಮಟ್ಟಿಗೆ ಹೇಳಬಹುದು. ಉಲ್ಕೆ ಅಷ್ಟು ಪುರಸೊತ್ತು ಕೊಡುವುದಿಲ್ಲ.

2022ರ ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶಗಳ ಮೇಲೆ ಹಾಯ್ದದ್ದು ಇಂಥದೇ ಬೆಂಕಿಯ ಸಾಲು. ಉಲ್ಕಾಪಾತ ಎಂದು ಸುದ್ದಿವಾಹಿನಿಗಳು ಕೂಗಿದವು. ಚಂದ್ರಪುರ ಜಿಲ್ಲೆಯ ಸಿಂದೇವಾಹಿ ಸುತ್ತಮುತ್ತ ದೊಡ್ಡದೊಂದು ಲೋಹದ ಬಳೆಯೂ ಗುಂಡನೆಯ ಟ್ಯಾಂಕುಗಳೂ ಸಿಕ್ಕವು. ಚೀನಾದ ಲಾಂಗ್ ಮಾರ್ಚ್ 3ಬಿ ರಾಕೆಟ್ಟಿನ ಮೇಲಿನ ಹಂತ ಮರಳಿ ವಾತಾವರಣಕ್ಕೆ ಬಿದ್ದಿತ್ತು ಎಂಬುದು ತಜ್ಞರ ವಿವರಣೆ. ವಿಡಿಯೊಗಳನ್ನು ಈಗ ತಾಳ್ಮೆಯಿಂದ ನೋಡಿದರೆ ಅನುಮಾನಕ್ಕೆ ಎಡೆಯೇ ಇಲ್ಲ: ನಿಧಾನ ನಡಿಗೆ, ಒಡೆದ ತುಣುಕುಗಳು, ಮುಗಿಯದ ದಾರಿ.

ಇಂಥ ದೃಶ್ಯ ಇನ್ನು ಮುಂದೆ ಹೆಚ್ಚುತ್ತದೆ. ಆಕಾಶದಿಂದ ಇಂಟರ್‌ನೆಟ್ ಒದಗಿಸುವ ಸ್ಟಾರ್‌ಲಿಂಕ್ ಒಂದೇ ಜಾಲದಲ್ಲಿ ಸಾವಿರಾರು ಉಪಗ್ರಹಗಳಿವೆ, ಒಂದೊಂದರ ಆಯುಸ್ಸು ಸುಮಾರು ಐದು ವರ್ಷ. ಅವಧಿ ಮುಗಿದದ್ದನ್ನು ಉದ್ದೇಶಪೂರ್ವಕವಾಗಿಯೇ ಕೆಳಗಿಳಿಸಿ ಸುಡಲಾಗುತ್ತದೆ. ನಮ್ಮ ಅಜ್ಜಂದಿರು ಕಂಡ ಬೆಂಕಿಯುಂಡೆ ಕಲ್ಲೇ ಆಗಿರಬೇಕಿತ್ತು, ಬೇರೆ ದಾರಿ ಇರಲಿಲ್ಲ. ಮೊಮ್ಮಕ್ಕಳು ಕಾಣುವುದು ಯಾರದೋ ಇಂಟರ್‌ನೆಟ್ ಯಂತ್ರವೂ ಆಗಿರಬಹುದು. ಅದರ ಬೂದಿ ಬಹುಕಾಲ ಮೇಲೆಯೇ ಇರುತ್ತದೆ. ವಾಯುಮಂಡಲದ ಮೇಲಿನ ಪದರದಲ್ಲಿ ಹಿಡಿದ ಗಂಧಕಾಮ್ಲದ ಸೂಕ್ಷ್ಮ ಕಣಗಳಲ್ಲಿ ಸುಮಾರು ನೂರಕ್ಕೆ ಹತ್ತರಷ್ಟರಲ್ಲಿ ರಾಕೆಟ್ ಮತ್ತು ಉಪಗ್ರಹಗಳಿಂದ ಬಂದ ಅಲ್ಯೂಮಿನಿಯಂ ಮೊದಲಾದ ಲೋಹಗಳ ಗುರುತು ಇದೆ ಎಂದು 2023ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಓಜೋನ್ ಪದರಕ್ಕೆ ಇದರಿಂದ ಏನಾಗುತ್ತದೆ ಎಂಬ ಚರ್ಚೆ ಈಗಷ್ಟೇ ಶುರುವಾಗಿದೆ.

ಹೊಸದಾಗಿ ಹಾರಿಬಿಟ್ಟ ಸ್ಟಾರ್‌ಲಿಂಕ್ ಉಪಗ್ರಹಗಳು ಮಣಿಸರದಂತೆ ಸಾಲಾಗಿ, ಬಾಲವಿಲ್ಲದೆ, ನಿಮಿಷಗಟ್ಟಲೆ ಸಾಗುತ್ತವೆ. ಅದನ್ನು ಬೆಂಕಿಯುಂಡೆ ಎನ್ನುವವರು ಕಡಿಮೆ, ಹಾರುವ ತಟ್ಟೆ ಎನ್ನುವವರು ಹೆಚ್ಚು. ಬೀದರಿನವರಿಗೆ ವಾಯುನೆಲೆಯಿರುವ ಊರೆಂಬ ಕಾರಣಕ್ಕೆ ಆಕಾಶದ ದೀಪಗಳ ಬಗ್ಗೆ ಒಂದಿಷ್ಟು ನಿರ್ಲಕ್ಷ್ಯವೇ ಇದೆ. ಸೂರ್ಯಕಿರಣ ತಂಡದ ವಿಮಾನಗಳನ್ನು ದಿನವೂ ನೋಡುವವರು ಒಂದು ಬೆಳಕಿಗೆ ಬೆಚ್ಚುವುದಿಲ್ಲ. ಆದರೂ 2025ರ ಜನವರಿಯಲ್ಲಿ ಹುಮನಾಬಾದ್ ತಾಲೂಕಿನ ಜಲಸಂಗಿಯಲ್ಲಿ ಮನೆಯೊಂದರ ಮೇಲೆ ಬೃಹತ್ ಬಲೂನು ಯಂತ್ರಸಮೇತ ಇಳಿದಾಗ ಊರಿಗೆ ಊರೇ ನೆರೆಯಿತು. ಹೈದರಾಬಾದಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರ ವಾತಾವರಣ ಸಂಶೋಧನೆಗೆ ಹಾರಿಬಿಟ್ಟದ್ದು ಅದು. ಹೈದರಾಬಾದಿನಿಂದ ಎದ್ದ ಬಲೂನಿಗೆ ಗಾಳಿ ಪಶ್ಚಿಮಕ್ಕೆ ಬೀಸಿದರೆ ಬೀದರ್, ಕಲಬುರಗಿ ದಾರಿಯಲ್ಲೇ ಸಿಗುತ್ತವೆ. ನೆಲದಲ್ಲಿ ಕತ್ತಲಾದ ಮೇಲೂ ಮೂವತ್ತು ಕಿ.ಮೀ. ಎತ್ತರದಲ್ಲಿ ಬಿಸಿಲು ಇರುತ್ತದೆ, ಆಗ ಬಲೂನು ಅಲುಗಾಡದ ಹೊಳೆಯುವ ಚುಕ್ಕಿಯಾಗಿ ನಿಲ್ಲುತ್ತದೆ. ನಿಂತದ್ದು ಉಲ್ಕೆಯಲ್ಲ, ನಿಧಾನಕ್ಕೆ ತೇಲಿದ್ದೂ ಉಲ್ಕೆಯಲ್ಲ.

‘ಇಲ್ಲೇ ಬಿತ್ತು’ ಎನ್ನುವ ಮಾತಿಗೆ ಬರೋಣ. ಬೆಂಕಿಯುಂಡೆ ನೋಡಿದ ಪ್ರತಿಯೊಬ್ಬರೂ ಹೇಳುವುದು ಇದನ್ನೇ, ಮತ್ತು ಬಹುತೇಕ ಯಾವಾಗಲೂ ತಪ್ಪಾಗುವುದೂ ಇದೇ. ಮನುಷ್ಯನ ಎರಡು ಕಣ್ಣುಗಳ ನಡುವಿನ ಅಂತರ ಎರಡೂವರೆ ಇಂಚು. ಅದನ್ನು ನಂಬಿಕೊಂಡು ಎದುರಿನ ಎತ್ತಿನ ಬಂಡಿ ಎಷ್ಟು ದೂರದಲ್ಲಿದೆ ಎಂದು ಹೇಳಬಹುದು, ಆಕಾಶದ ಬೆಳಕಿನ ದೂರವನ್ನು ಹೇಳಲು ಆಗದು. ಆಗ ಮನಸ್ಸು ಆ ಬೆಳಕನ್ನು ಕಣ್ಣಿಗೆ ಬಿದ್ದ ಕೊನೆಯ ಗುಡ್ಡದ ಆಚೆ, ಪಕ್ಕದ ಊರಿನ ಹೊಲದಲ್ಲಿ ಇಳಿಸಿಬಿಡುತ್ತದೆ.

ಒಂದು ಲೆಕ್ಕ ಮಾಡಿ ನೋಡಿ. 80 ಕಿ.ಮೀ. ಎತ್ತರದಲ್ಲಿ, ವಿಜಯವಾಡದ ನೆತ್ತಿಯ ಮೇಲೆ ಒಂದು ಬೆಂಕಿಯುಂಡೆ ಉರಿಯಿತು ಎನ್ನೋಣ. ಕಲಬುರಗಿಯಿಂದ ವಿಜಯವಾಡಕ್ಕೆ ನೇರ ಗೆರೆಯಲ್ಲಿ ಸುಮಾರು 415 ಕಿ.ಮೀ. ಭೂಮಿ ಗುಂಡಗಿರುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಆ ಬೆಳಕು ಕಲಬುರಗಿಯವರಿಗೆ ದಿಗಂತದಿಂದ 9 ಡಿಗ್ರಿ ಮೇಲೆ ಕಾಣಬೇಕು. ದಿಕ್ಕು ಪೂರ್ವಕ್ಕಿಂತ ತುಸು ದಕ್ಷಿಣ. ಸೇಡಂ ಇರುವುದೂ ಹೆಚ್ಚು ಕಡಿಮೆ ಅದೇ ದಿಕ್ಕಿನಲ್ಲಿ! ‘ಸೇಡಂ ಕಡೆ ಬಿತ್ತು’ ಎಂದವರು ಸುಳ್ಳು ಹೇಳಿಲ್ಲ. ದಿಕ್ಕು ಸರಿ ಹೇಳಿ, ದೂರದಲ್ಲಿ ಒಂದಿಡೀ ರಾಜ್ಯವನ್ನು ನುಂಗಿದ್ದಾರೆ ಅಷ್ಟೆ. ಸೇಡಂನವರನ್ನು ಕೇಳಿದರೆ ತಾಂಡೂರಿನ ಕಡೆ ಎನ್ನುತ್ತಾರೆ, ತಾಂಡೂರಿನವರು ಇನ್ನೂ ಆಚೆ ಕೈ ತೋರಿಸುತ್ತಾರೆ.

ಗಾತ್ರವೂ ಹೀಗೆಯೇ. ‘ಟ್ರ್ಯಾಕ್ಟರ್ ಗಾಲಿಯಷ್ಟು ಇತ್ತು’ ಎಂದರೆ ಎಷ್ಟು ದೂರದಲ್ಲಿ ಇಟ್ಟ ಗಾಲಿ? ದೂರ ಗೊತ್ತಿಲ್ಲದ ಗಾತ್ರಕ್ಕೆ ಅರ್ಥವಿಲ್ಲ. ಚಂದ್ರನ ಜೊತೆ ಹೋಲಿಸಿದರೆ ಅದು ಉಪಯೋಗಕ್ಕೆ ಬರುತ್ತದೆ: ಹುಣ್ಣಿಮೆಯ ಚಂದ್ರನಿಗಿಂತ ಬೆಳಕು ಹೆಚ್ಚೋ ಕಡಿಮೆಯೋ, ನೆಲದ ಮೇಲೆ ನಿಮ್ಮ ನೆರಳು ಬಿತ್ತೋ ಇಲ್ಲವೋ.

ಆಕಾಶವನ್ನು ಅಳೆಯುವುದು ಡಿಗ್ರಿಗಳಲ್ಲಿ. ಅದಕ್ಕೆ ಉಪಕರಣ ಬೇಕಿಲ್ಲ. ತೋಳು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ, ಕಿರುಬೆರಳಿನ ಅಗಲ 1 ಡಿಗ್ರಿ. ಮುಷ್ಟಿ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಧ್ರುವ ನಕ್ಷತ್ರ ಇದೆ. ಕಲಬುರಗಿಯ ಅಕ್ಷಾಂಶ 17 ಡಿಗ್ರಿ ಚಿಲ್ಲರೆ, ಧ್ರುವ ದಿಗಂತದಿಂದ ಅಷ್ಟೇ ಎತ್ತರದಲ್ಲಿ ನಿಲ್ಲುತ್ತದೆ. ಎರಡು ಮುಷ್ಟಿಗೆ ತುಸು ಕಡಿಮೆ ಬಂದರೆ ನಿಮ್ಮ ಕೈ ಸರಿ. ಇನ್ನೊಂದು ಎಚ್ಚರಿಕೆ: ಆಕಾಶ ನಮಗೆ ಚಪ್ಪಟೆ ಗುಮ್ಮಟದಂತೆ ತೋರುವುದರಿಂದ 50 ಡಿಗ್ರಿ ಎತ್ತರದಲ್ಲಿದ್ದುದನ್ನೂ ‘ನೆತ್ತಿಯ ಮೇಲೆ ಹೋಯಿತು’ ಎಂದುಬಿಡುತ್ತೇವೆ.

ಜೇವರ್ಗಿ ರಸ್ತೆಯ ಬದಿಯ ಹೊಲವೊಂದರಲ್ಲಿ ಹಿರಿಯ ರೈತರೊಬ್ಬರು ತಾವು ಕಂಡ ಬೆಂಕಿಯುಂಡೆಯನ್ನು ನನಗೆ ವಿವರಿಸಿದ ರೀತಿ ಇಂದಿಗೂ ನೆನಪಿದೆ. ‘ಕಾಕಾ, ಎಲ್ಲಿಂದ ಎಲ್ಲಿಗೆ ಹೋಯಿತು?’ ಎಂದು ಕೇಳಿದೆ. ‘ನೀವು ಮೊದಲು ಇಲ್ಲಿ ಬನ್ನಿ’ ಎಂದು ನನ್ನನ್ನು ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯ ಮುಂದೆ ನಿಲ್ಲಿಸಿದರು. ‘ನಾನು ನಿಂತಿದ್ದು ಇಲ್ಲಿ. ಆ ಬೇವಿನ ಗಿಡದ ತುದಿಗೆ ಹತ್ತಿಕೊಂಡಿತು, ಟಿ.ಸಿ. ಕಂಬದ ಎಡಕ್ಕೆ, ಕಂಬದ ಅರ್ಧ ಎತ್ತರಕ್ಕೆ ಬಂದು ಆರಿತು. ಆಗಷ್ಟೇ ಕರೆಂಟು ಬಂದಿತ್ತು.’ ಎಷ್ಟು ಹೊತ್ತು ಕಂಡಿತೆಂದು ಬಾಯಲ್ಲಿ ಎಣಿಸಿ ತೋರಿಸಿ ಎಂದರೆ, ಕಣ್ಣು ಮುಚ್ಚಿ, ಕೈಯನ್ನು ಗಿಡದಿಂದ ಕಂಬದ ತನಕ ಎಳೆಯುತ್ತ ನಾಲ್ಕರವರೆಗೆ ಎಣಿಸಿದರು. ನಿಂತ ಜಾಗ, ಆರಂಭ, ಅಂತ್ಯ, ಅವಧಿ, ವೇಳೆ ಎಲ್ಲವೂ ಬಂತು. ಮೊಬೈಲಿನ ದಿಕ್ಸೂಚಿ ಹಿಡಿದು ಗಿಡದ ದಿಕ್ಕನ್ನೂ ಕಂಬದ ದಿಕ್ಕನ್ನೂ ಬರೆದುಕೊಳ್ಳುವುದಷ್ಟೇ ನನಗೆ ಉಳಿದ ಕೆಲಸ. ಯಾವ ಊರಿನದು, ಯಾವ ದಿಕ್ಕಿನದು ಎಂದು ತಿಳಿಯದ ವೈರಲ್ ವಿಡಿಯೊಗಳಿಗಿಂತ ಈ ಸಾಕ್ಷಿಯ ತೂಕ ಹೆಚ್ಚು.

ಒಬ್ಬರ ಸಾಕ್ಷಿಯಿಂದ ದಿಕ್ಕು ಸಿಗುತ್ತದೆ, ದೂರ ಸಿಗುವುದಿಲ್ಲ. ದೂರಕ್ಕೆ ಎರಡನೆಯ ಊರು ಬೇಕು, ಖಚಿತವಾಗಲು ಮೂರನೆಯದು. ನಮ್ಮ ಮೂರು ಜಿಲ್ಲಾ ಕೇಂದ್ರಗಳನ್ನು ನಕ್ಷೆಯಲ್ಲಿ ನೋಡಿದಾಗ ನನಗೆ ಹುಮ್ಮಸ್ಸು ಬಂದದ್ದು ಇದಕ್ಕೇ. ನೇರ ಗೆರೆಯಲ್ಲಿ ಕಲಬುರಗಿಯಿಂದ ಯಾದಗಿರಿಗೆ ಸುಮಾರು 70 ಕಿ.ಮೀ., ಬೀದರಿಗೆ 97, ಬೀದರಿನಿಂದ ಯಾದಗಿರಿಗೆ 133. ಯುರೋಪಿನಲ್ಲಿ, ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಉಲ್ಕೆ ಹಿಡಿಯಲು ಕ್ಯಾಮೆರಾಗಳನ್ನು ನೂರು, ನೂರಮೂವತ್ತು ಕಿ.ಮೀ. ಅಂತರದಲ್ಲಿ ಬೇಕೆಂದೇ ನೆಟ್ಟಿದ್ದಾರೆ. ನಮಗೆ ಆ ತ್ರಿಕೋನ ಬಿಟ್ಟಿ ಸಿಕ್ಕಿದೆ. ಕಲಬುರಗಿಯ ನೆತ್ತಿಯ ಮೇಲೆ 80 ಕಿ.ಮೀ. ಎತ್ತರದಲ್ಲಿ ಹೊತ್ತಿದ್ದು ಯಾದಗಿರಿಯವರಿಗೆ 49 ಡಿಗ್ರಿ ಮೇಲೆ, ಬೀದರಿನವರಿಗೆ 39 ಡಿಗ್ರಿ ಮೇಲೆ ಕಾಣುತ್ತದೆ. ವ್ಯತ್ಯಾಸ ಕಣ್ಣಿಗೆ ಹೊಡೆಯುವಷ್ಟು ದೊಡ್ಡದು, ಆದ್ದರಿಂದ ಮುಷ್ಟಿಯ ಅಳತೆಯಲ್ಲಿ ನಾಲ್ಕಾರು ಡಿಗ್ರಿ ತಪ್ಪಿದರೂ ದಾರಿ ಸ್ಥೂಲವಾಗಿ ಸಿಕ್ಕೇ ಸಿಗುತ್ತದೆ. ಸೇಡಂ ತಾಲೂಕಿನ ಮಳಖೇಡದಿಂದ ಆಳಿದ ರಾಷ್ಟ್ರಕೂಟ ಅಮೋಘವರ್ಷನ ಆಶ್ರಯದಲ್ಲಿ ಒಂಬತ್ತನೆಯ ಶತಮಾನದ ಗಣಿತಜ್ಞ ಮಹಾವೀರಾಚಾರ್ಯ ನೆರಳಿನ ಲೆಕ್ಕಗಳಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದ. ಬೇಕಾಗಿರುವ ಗಣಿತ ಅದಕ್ಕಿಂತ ಬಹಳ ಮುಂದೇನೂ ಹೋಗುವುದಿಲ್ಲ.

ಇದರಿಂದ ಸಿಗುವ ಲಾಭ ಬಿದ್ದ ಜಾಗವೊಂದೇ ಅಲ್ಲ. 1959ರ ಏಪ್ರಿಲ್ 7ರಂದು ಆಗಿನ ಚೆಕೊಸ್ಲೊವಾಕಿಯಾದ ಪ್ರ್‌ಷಿಬ್ರಾಮ್ ಬಳಿ ಬೆಂಕಿಯುಂಡೆಯೊಂದು ಎರಡು ಕಡೆಯ ಕ್ಯಾಮೆರಾಗಳಿಗೆ ಸಿಕ್ಕಿತು. ದಾರಿಯನ್ನು ಲೆಕ್ಕ ಹಾಕಿ ಕಲ್ಲುಗಳನ್ನು ಹುಡುಕಿದರು. ಅದೇ ದಾರಿಯನ್ನು ಹಿಂದಕ್ಕೆ ಎಳೆದಾಗ ಅದು ಮಂಗಳ, ಗುರುಗ್ರಹಗಳ ನಡುವಿನ ಕ್ಷುದ್ರಗ್ರಹಗಳ ಪಟ್ಟಿಯತ್ತ ಹೋಯಿತು. ಕೈಯಲ್ಲಿ ಹಿಡಿದ ಕಲ್ಲು ಎಲ್ಲಿಂದ ಬಂತೆಂದು ಛಾಯಾಚಿತ್ರದ ಆಧಾರದಿಂದ ಹೇಳಲು ಸಾಧ್ಯವಾದದ್ದು ಅದೇ ಮೊದಲು.

ಸದ್ದಿನ ವಿಷಯ ನಮ್ಮ ಭಾಗಕ್ಕೆ ಬೇರೆಲ್ಲ ಕಡೆಗಿಂತ ಮುಖ್ಯ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ಭೂಕಂಪಕ್ಕೆ ನಡುಗಿದಾಗ ಸುಮಾರು ಹತ್ತು ಸಾವಿರ ಜನ ಸತ್ತರು. ಬಸವಕಲ್ಯಾಣ, ಆಳಂದ ಗಡಿಯ ಹಳ್ಳಿಗಳಲ್ಲಿ ಆ ರಾತ್ರಿಯನ್ನು ಕಂಡವರು ಇನ್ನೂ ಇದ್ದಾರೆ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಲ್ಲಿ ನೆಲದೊಳಗಿಂದ ಮತ್ತೆ ಮತ್ತೆ ಗುಡುಗಿನಂಥ ಸದ್ದು ಬಂದು, 11ರ ರಾತ್ರಿ 4.1 ತೀವ್ರತೆಯ ಕಂಪನವಾದಾಗ ಜನ ಮನೆ ಬಿಟ್ಟು ಬಯಲಲ್ಲಿ ಮಲಗಿದರು, ಅನೇಕರು ಊರನ್ನೇ ತೊರೆದರು. ಇಂಥ ಸೀಮೆಯಲ್ಲಿ ಆಕಾಶದಲ್ಲಿ ಬೆಳಕು ಮೂಡಿ ಆಮೇಲೆ ‘ಢಬ್’ ಎಂಬ ಸದ್ದಾದರೆ ಭೂಕಂಪ ಎಂದು ಓಡುವುದನ್ನು ಮೂಢನಂಬಿಕೆ ಎನ್ನುವುದು ಬೆಂಗಳೂರಿನಲ್ಲಿ ಕುಳಿತವರ ಅಹಂಕಾರ. ಜನ ತಮ್ಮ ಅನುಭವದಿಂದಲೇ ತೀರ್ಮಾನಕ್ಕೆ ಬಂದಿದ್ದಾರೆ.

ಎರಡನ್ನೂ ಬೇರ್ಪಡಿಸುವುದು ಕಷ್ಟವಲ್ಲ. ಭೂಕಂಪದಲ್ಲಿ ಸದ್ದೂ ನಡುಕವೂ ಜೊತೆಜೊತೆಗೆ, ಕಾಲ ಕೆಳಗಿನಿಂದ ಬರುತ್ತವೆ. ಬೆಂಕಿಯುಂಡೆಯಲ್ಲಿ ಮೊದಲು ಬೆಳಕು, ಆಮೇಲೆ ನಿಮಿಷಗಳ ಮೌನ, ಅದಾದ ಮೇಲೆ ಮೇಲಿನಿಂದ ಗುಡುಗು. ಕಿಟಕಿ, ತಗಡಿನ ಮಾಡು ಅದುರುತ್ತವೆ, ನೆಲ ಅಲುಗುವುದಿಲ್ಲ. ಸದ್ದು ಒಂದು ಕಿ.ಮೀ. ದಾಟಲು ಸುಮಾರು ಮೂರು ಸೆಕೆಂಡು ಬೇಕು. 30 ಕಿ.ಮೀ. ಎತ್ತರದಲ್ಲಿ, 60 ಕಿ.ಮೀ. ಆಚೆ ಒಡೆದ ಕಲ್ಲಿನ ಸದ್ದು ನಿಮ್ಮನ್ನು ಮುಟ್ಟಲು ಮೂರು ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ. ಅಷ್ಟರಲ್ಲಿ ಹೆಚ್ಚಿನವರು ಒಳಗೆ ಹೋಗಿರುತ್ತಾರೆ, ಬೆಳಕಿಗೂ ಸದ್ದಿಗೂ ಸಂಬಂಧವಿದೆ ಎಂದು ಅವರಿಗೆ ಹೊಳೆಯುವುದೇ ಇಲ್ಲ. ಆದ್ದರಿಂದ ಬೆಳಕು ಕಂಡ ಕೂಡಲೇ ಗಡಿಯಾರ ನೋಡಿಕೊಂಡು ಐದು ನಿಮಿಷ ಹೊರಗೇ ಸುಮ್ಮನೆ ನಿಲ್ಲಿ. ಸದ್ದು ಬಂದರೆ ಆ ಕಲ್ಲು ವಾತಾವರಣದ ಆಳಕ್ಕೆ ಇಳಿದಿದೆ ಎಂದರ್ಥ, ಚೂರುಗಳು ನೆಲ ಮುಟ್ಟಿರುವ ಸಾಧ್ಯತೆ ಹೆಚ್ಚು. ಬೆಳಕಿನ ಜೊತೆಗೇ ಸುಯ್ ಎಂದಿತು, ಚಟಪಟ ಎಂದಿತು ಎಂದು ಕೆಲವರು ಹೇಳುವುದುಂಟು. ಅವರನ್ನು ಗೇಲಿ ಮಾಡಬೇಡಿ. ಬೆಳಕು ಬೇಗಬೇಗನೆ ಮಿಡಿಯುವುದರಿಂದ ಒಣಗಿದ ಎಲೆ, ಕೂದಲು, ಬಟ್ಟೆಯಂಥವು ಕ್ಷಣಕ್ಷಣಕ್ಕೆ ಕಾದು ತಣಿದು ಸಣ್ಣಗೆ ಸದ್ದು ಮಾಡಬಲ್ಲವು ಎಂಬ ವಿವರಣೆಯನ್ನು 2017ರಲ್ಲಿ ವಿಜ್ಞಾನಿಗಳು ಮುಂದಿಟ್ಟಿದ್ದಾರೆ.

ಹೊರಗೆ ನಿಲ್ಲಿ ಎಂದದ್ದಕ್ಕೆ ಇನ್ನೊಂದು ಕಾರಣವಿದೆ. 2013ರ ಫೆಬ್ರುವರಿ 15ರ ಬೆಳಿಗ್ಗೆ ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸುಮಾರು 20 ಮೀಟರ್ ಅಡ್ಡಳತೆಯ ಬಂಡೆ ಒಡೆಯಿತು. ಗಾಯಗೊಂಡು ಆಸ್ಪತ್ರೆಗೆ ಬಂದವರು ಸುಮಾರು 1,500 ಜನ. ಯಾರಿಗೂ ಕಲ್ಲು ಬಡಿಯಲಿಲ್ಲ. ಬೆಳಕೇನೆಂದು ನೋಡಲು ಕಿಟಕಿಗೆ ಮುಖವಿಟ್ಟವರಿಗೆ ಎರಡು ನಿಮಿಷಕ್ಕೂ ಹೆಚ್ಚು ಹೊತ್ತಿನ ಮೇಲೆ ಬಂದ ಆಘಾತದ ಅಲೆ ಗಾಜು ಒಡೆದು ಎರಚಿತು. ಅಷ್ಟು ದೊಡ್ಡದು ತಲೆಮಾರುಗಳಿಗೊಮ್ಮೆ ಬರುವಂಥದ್ದು. ಆದರೂ ಹಗಲಾಗುವಂಥ ಬೆಳಕು ಕಂಡಾಗ ಗಾಜಿನ ಮುಂದೆ ನಿಲ್ಲದಿರುವುದಕ್ಕೆ ಖರ್ಚೇನೂ ಇಲ್ಲ.

ಇನ್ನು ಕಲ್ಲು. ಬೆಂಕಿ ಹತ್ತಿದ ಕಲ್ಲು ಹೊಲಕ್ಕೆ ಬಿದ್ದು ಬಣವೆ ಸುಟ್ಟಿತು ಎನ್ನುವ ಕಥೆಯನ್ನು ನಂಬಬೇಕಿಲ್ಲ. ಇಪ್ಪತ್ತು ಮೂವತ್ತು ಕಿ.ಮೀ. ಎತ್ತರದಲ್ಲೇ ಬೆಳಕು ಆರುತ್ತದೆ. ಅಲ್ಲಿಂದ ಕೆಳಗೆ ಕತ್ತಲಲ್ಲಿ ಎರಡು ಮೂರು ನಿಮಿಷ ಸಾಮಾನ್ಯ ಕಲ್ಲಿನಂತೆ, ಗಂಟೆಗೆ ಕೆಲವು ನೂರು ಕಿ.ಮೀ. ವೇಗದಲ್ಲಿ ಬೀಳುತ್ತದೆ, ಗಾಳಿಗೆ ಸಿಕ್ಕಿ ಪಕ್ಕಕ್ಕೂ ಸರಿಯುತ್ತದೆ. ಕರ್ನಾಟಕದಲ್ಲಿ ದಾಖಲಾದ ಪತನಗಳಲ್ಲಿ 1865ರ ಮದ್ದೂರಿನದೂ 1866ರ ಉಡುಪಿಯದೂ ಸೇರಿವೆ. ಇತ್ತೀಚಿನ ಒಳ್ಳೆಯ ಉದಾಹರಣೆ ಗುಜರಾತಿನ ಬನಾಸ್‌ಕಾಂಠಾ ಜಿಲ್ಲೆಯದು. 2022ರ ಆಗಸ್ಟ್ 17ರ ಸಂಜೆ ದಿಯೋದರ್ ಬಳಿಯ ಎರಡು ಹಳ್ಳಿಗಳಲ್ಲಿ ಕಲ್ಲು ಬಿತ್ತು. ಒಂದು ಬೇವಿನ ಮರಕ್ಕೆ ಬಡಿದು ಒಡೆಯಿತು. ಊರವರು ಚೂರುಗಳನ್ನು ಆರಿಸಿಟ್ಟರು, ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು ಪರೀಕ್ಷಿಸಿದರು. ಆಬ್ರೈಟ್ ಎಂಬ ಬಹು ವಿರಳ ಬಗೆಯದು ಅದು. ಭಾರತದಲ್ಲಿ ಅಂಥದು ಹಿಂದೆ ಬಿದ್ದದ್ದು 1852ರಲ್ಲಿ, ಉತ್ತರ ಪ್ರದೇಶದ ಬಸ್ತಿಯಲ್ಲಿ. ಆಗಸ್ಟಿನ ಮಳೆಯಲ್ಲಿ ಆ ಊರವರು ಒಂದು ವಾರ ಉದಾಸೀನ ಮಾಡಿದ್ದರೆ ಸಿಗುತ್ತಿದ್ದುದು ಮಣ್ಣು.

ನಮ್ಮ ಎರೆಭೂಮಿ ಈ ವಿಷಯದಲ್ಲಿ ಸುಲಭದ್ದಲ್ಲ. ಕರಿ ಮಣ್ಣಿನಲ್ಲಿ ಕರಿ ಸಿಪ್ಪೆಯ ಕಲ್ಲು ಹುಡುಕಬೇಕು. ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವ ಬಿರುಕುಗಳಲ್ಲಿ ಅದು ಇಳಿದುಹೋಗಬಹುದು, ಮಳೆಗಾಲದಲ್ಲಿ ಕೆಸರು ನುಂಗಬಹುದು. ಹೊರದೇಶಗಳ ವಿಡಿಯೊ ನೋಡಿ ‘ಆಯಸ್ಕಾಂತ ಹಿಡಿಯಿರಿ, ಅಂಟಿದರೆ ಉಲ್ಕಾಶಿಲೆ’ ಎಂದು ಹೇಳಿಕೊಡುವವರಿದ್ದಾರೆ. ಇಲ್ಲಿ ಆ ಪರೀಕ್ಷೆ ನಡೆಯುವುದಿಲ್ಲ. ಕಲಬುರಗಿಯ ಬಹುಭಾಗದಲ್ಲಿ ಹರಡಿರುವ ದಖ್ಖನ್ ಲಾವಾದ ಕರಿಗಲ್ಲಿನಲ್ಲೇ ಮ್ಯಾಗ್ನೆಟೈಟ್ ಇದೆ, ಅದು ಆಯಸ್ಕಾಂತಕ್ಕೆ ಸ್ಪಂದಿಸುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆಯ ಕಬ್ಬಿಣದ ಗಂಟುಗಳೂ ಎಷ್ಟೋ ಸಲ ಹಾಗೆಯೇ ಮಾಡುತ್ತವೆ. ಇದಕ್ಕಿಂತ ಮುಖ್ಯವಾಗಿ, ಪ್ರಬಲ ಆಯಸ್ಕಾಂತವನ್ನು ತಾಗಿಸಿದರೆ ಕೋಟ್ಯಂತರ ವರ್ಷಗಳಿಂದ ಆ ಕಲ್ಲು ಕಾಪಿಟ್ಟುಕೊಂಡ ಕಾಂತತ್ವದ ದಾಖಲೆಯೇ ಅಳಿಸಿಹೋಗುತ್ತದೆ. ನೋಡಬೇಕಾದದ್ದು ಸಿಪ್ಪೆ. ಹೊಸದಾಗಿ ಬಿದ್ದ ಉಲ್ಕಾಶಿಲೆಗೆ ಸಾಮಾನ್ಯವಾಗಿ ಕಾಗದದಷ್ಟು ತೆಳು, ಸುಟ್ಟ ಕಪ್ಪು ಹೊದಿಕೆ ಇರುತ್ತದೆ. ಒಡೆದ ಕಡೆ ಒಳಗೆ ತಿಳಿಬಣ್ಣ. ನಮ್ಮ ಕರಿಗಲ್ಲು ಒಳಗೂ ಕರಿಯೇ. ಗುಳ್ಳೆಗುಳ್ಳೆಯಾಗಿ ತೂತು ಬಿದ್ದದ್ದಾದರೆ ಅದು ಕುಲುಮೆಯ ಕಿಟ್ಟವೋ ಲಾವಾ ಕಲ್ಲೋ ಇರಬೇಕು.

ಸಿಕ್ಕರೆ ಬಿದ್ದ ಜಾಗದಲ್ಲೇ ಫೋಟೊ ತೆಗೆಯಿರಿ, ತೊಳೆಯಬೇಡಿ, ಕುಂಕುಮ ಹಚ್ಚುವುದನ್ನು ಒಂದೆರಡು ದಿನ ಮುಂದಕ್ಕೆ ಹಾಕಿ. ಸ್ವಚ್ಛ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಒಣ ಜಾಗದಲ್ಲಿಟ್ಟು ತಹಶೀಲ್ದಾರ್ ಕಚೇರಿಗೆ ತಿಳಿಸಿ. ದೇಶದ ಉಲ್ಕಾಶಿಲೆಗಳ ಭಂಡಾರ ಇರುವುದು ಕೋಲ್ಕತ್ತದಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಬಳಿ. ಬಿದ್ದದ್ದು ಕಲ್ಲಲ್ಲದೆ ಲೋಹದ ಟ್ಯಾಂಕೋ ಯಂತ್ರದ ಭಾಗವೋ ಆಗಿದ್ದರೆ ಮಾತ್ರ ಹತ್ತಿರ ಹೋಗಬೇಡಿ. ರಾಕೆಟ್ ಇಂಧನಗಳಲ್ಲಿ ಕೆಲವು ಉಸಿರಿಗೂ ಚರ್ಮಕ್ಕೂ ವಿಷ. 112ಕ್ಕೆ ಕರೆ ಮಾಡಿ ದೂರ ನಿಲ್ಲುವುದು ಜಾಣತನ.

ಕಲ್ಲು ಸಿಗದಿದ್ದಾಗ, ಬರೀ ಬೆಳಕು ಕಂಡಾಗ ಯಾರಿಗೆ ಹೇಳಬೇಕು? ಅಂತರರಾಷ್ಟ್ರೀಯ ಉಲ್ಕಾ ಸಂಘಟನೆಯ ಜಾಲತಾಣದಲ್ಲಿ ಸಾಕ್ಷಿಗಳು ತುಂಬುವ ನಮೂನೆ ಇದೆ. ಜೇವರ್ಗಿಯ ಆ ಕಾಕಾ ಅದನ್ನು ತುಂಬುವುದಿಲ್ಲ. ಅವರ ಮಾತನ್ನು ಕನ್ನಡದಲ್ಲಿ ಕೇಳಿ ಬರೆದುಕೊಳ್ಳುವ ಒಂದು ಫೋನ್ ಸಂಖ್ಯೆ ಬೇಕು. ಕಲಬುರಗಿಯಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರವಿದೆ, ಗುಲಬರ್ಗಾ ವಿಶ್ವವಿದ್ಯಾಲಯವಿದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಬೀದರ್ ಮತ್ತು ಯಾದಗಿರಿಯಲ್ಲಿ ಕಾಲೇಜುಗಳಿವೆ. ಪೆಟ್ರೋಲ್ ಬಂಕು, ಟೋಲ್ ಗೇಟು, ಸಿಮೆಂಟ್ ಕಾರ್ಖಾನೆಗಳ ಸಿಸಿಟಿವಿಗಳು ರಾತ್ರಿಯಿಡೀ ಆಕಾಶದ ಒಂದು ತುಂಡನ್ನು ಹಿಡಿಯುತ್ತಲೇ ಇವೆ. ಅಲುಗಾಡದ ಕ್ಯಾಮೆರಾದ ಚಿತ್ರಕ್ಕೆ ಕೈಯಲ್ಲಿ ಹಿಡಿದ ಮೊಬೈಲಿಗಿಂತ ಹತ್ತು ಪಟ್ಟು ಬೆಲೆ. ಆದರೆ ಅದರ ಗಡಿಯಾರ ನಿಮಿಷಗಟ್ಟಲೆ ತಪ್ಪಿರುತ್ತದೆ, ಹಳೆಯ ದೃಶ್ಯದ ಮೇಲೆ ಹೊಸದು ಕೆಲವೇ ದಿನಗಳಲ್ಲಿ ಕೂರುತ್ತದೆ. ಮರುದಿನವೇ ಹೋಗಿ ಪ್ರತಿ ತೆಗೆದುಕೊಂಡು, ಅದರ ವೇಳೆಗೂ ಮೊಬೈಲ್ ವೇಳೆಗೂ ಇರುವ ವ್ಯತ್ಯಾಸ ಬರೆದುಕೊಳ್ಳಲು ಒಬ್ಬ ವಿದ್ಯಾರ್ಥಿ ಸಾಕು.

ಇದಕ್ಕೂ ಮುಂದೆ ಹೋಗಬೇಕೆಂದರೆ, ಗ್ಲೋಬಲ್ ಮೀಟಿಯರ್ ನೆಟ್‌ವರ್ಕ್ ಎಂಬ ಹವ್ಯಾಸಿಗಳ ಜಾಲ ಸಾಮಾನ್ಯ ಭದ್ರತಾ ಕ್ಯಾಮೆರಾಕ್ಕೆ ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರ್ ಜೋಡಿಸಿ ಹತ್ತಾರು ದೇಶಗಳಲ್ಲಿ ಉಲ್ಕೆಗಳ ದಾರಿ ದಾಖಲಿಸುತ್ತಿದೆ. ಒಂದು ಕ್ಯಾಮೆರಾದ ಖರ್ಚು ದುಬಾರಿ ಮೊಬೈಲೊಂದರ ಬೆಲೆಯೊಳಗೇ ಮುಗಿಯುತ್ತದೆ. ಮೂರು ಊರಿಗೆ ಮೂರು ಎಂದರೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಲೆಕ್ಕಪತ್ರದಲ್ಲಿ ಕಣ್ಣಿಗೂ ಬೀಳದ ಮೊತ್ತ. ಮಳೆ ಮೋಡದಿಂದಾಗಿ ಆಗಸ್ಟಿನ ಪರ್ಸಿಡ್ ಉಲ್ಕೆಗಳು ನಮಗೆ ಬಹುತೇಕ ದಕ್ಕುವುದಿಲ್ಲ. ದೀಪಾವಳಿಯ ಆಸುಪಾಸಿನಲ್ಲಿ ನಿಧಾನವಾಗಿ ಬರುವ ಟಾರಿಡ್‌ಗಳು ಬೆಂಕಿಯುಂಡೆಗಳಿಗೇ ಹೆಸರಾದವು, ಡಿಸೆಂಬರ್ 14ರ ಸುಮಾರಿಗೆ ಜೆಮಿನಿಡ್‌ಗಳು ಬರುತ್ತವೆ. ಹೊಲದಲ್ಲಿ ತೊಗರಿ ಬಲಿತು ಎಳ್ಳ ಅಮಾವಾಸ್ಯೆಯ ಚರಗಕ್ಕೆ ಸಜ್ಜೆ ರೊಟ್ಟಿ ಬಡಿಯುವ ತಯಾರಿ ನಡೆಯುವ ಆ ದಿನಗಳಲ್ಲಿ ಆಕಾಶ ತಿಳಿಯಾಗಿರುತ್ತದೆ. ಕ್ಯಾಮೆರಾ ನೆಡುವವರು ಅಕ್ಟೋಬರ್ ಮುಗಿಯುವುದರೊಳಗೆ ನೆಟ್ಟು, ವಾಡಿ, ಸೇಡಂ ಕಡೆಯ ಕಾರ್ಖಾನೆಗಳ ದೀಪ ಬೀಳದ ದಿಕ್ಕಿಗೆ ತಿರುಗಿಸಿಟ್ಟುಕೊಳ್ಳಬೇಕು.